ಚಿತ್ರದಲ್ಲಿ ಮಾತ್ರ ತುಂಡಾಗಿದ್ದ ರಕ್ತನಾಳ: ಕಸಿ ಕಿಡ್ನಿಯ ಎಂಆರ್ ಆಂಜಿಯೊಗ್ರಾಂ, ಒಂದು ಪ್ರಕರಣ ಅಧ್ಯಯನ

ಎಂಆರ್ ಆಂಜಿಯೊಗ್ರಾಂ ಎಂದರೆ ಎಂಆರ್‌ಐ ಯಂತ್ರದಲ್ಲಿ ತೆಗೆಯುವ ರಕ್ತನಾಳದ ಚಿತ್ರ. ಇದು ಒಬ್ಬ ನಿರ್ದಿಷ್ಟ ರೋಗಿಯ ಕಡತವಲ್ಲ. ಕಿಡ್ನಿ ಕಸಿಯಾದವರಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸನ್ನಿವೇಶವನ್ನು ಅಂಕಿಅಂಶ ಸಮೇತ ಒಬ್ಬನೇ ರೋಗಿಯ ಸುತ್ತ ಜೋಡಿಸಿ ಬರೆದದ್ದು. ರೇಡಿಯಾಲಜಿ ಕಲಿಯುತ್ತಿರುವವರು, ಎಂಆರ್‌ಐ ತಂತ್ರಜ್ಞರು ಮತ್ತು ಕಸಿಯಾದವರನ್ನು ನೋಡಿಕೊಳ್ಳುವ ವೈದ್ಯರಿಗೆ ಉಪಯೋಗಕ್ಕೆ ಬರಲಿ ಎಂಬ ಉದ್ದೇಶ.

ರೋಗಿ

46 ವರ್ಷದ ಗಂಡಸು, ತೂಕ 62 ಕಿಲೊ, ಉತ್ತರ ಕರ್ನಾಟಕದ ಸಣ್ಣ ಊರಿನವರು. ಏಳು ತಿಂಗಳ ಹಿಂದೆ ಅಕ್ಕ ಕೊಟ್ಟ ಎಡ ಕಿಡ್ನಿಯನ್ನು ಇವರ ಬಲ ಕೆಳಹೊಟ್ಟೆಯಲ್ಲಿ ಕೂರಿಸಲಾಗಿತ್ತು. ಕಿಡ್ನಿಯ ಅಪಧಮನಿಯ ತುದಿಯನ್ನು ಹೊರ ಇಲಿಯಾಕ್ ಅಪಧಮನಿಯ (ಕಾಲಿನ ಕಡೆಗೆ ರಕ್ತ ಒಯ್ಯುವ ನಾಳ) ಪಕ್ಕಕ್ಕೆ ಹೊಲಿದಿದ್ದರು. ಮೂರನೇ ತಿಂಗಳಿಂದ ಕ್ರಿಯಾಟಿನಿನ್ (ಕಿಡ್ನಿ ಸೋಸುವುದು ಕುಗ್ಗಿದಾಗ ರಕ್ತದಲ್ಲಿ ಏರುವ ತ್ಯಾಜ್ಯ) 1.2ರಲ್ಲಿ ನಿಂತಿತ್ತು. ಆರನೇ ತಿಂಗಳಲ್ಲಿ ರಕ್ತದೊತ್ತಡ ಏರತೊಡಗಿತು. ಆಮ್ಲೊಡಿಪಿನ್, ಮೆಟೊಪ್ರೊಲಾಲ್, ಪ್ರಾಜೊಸಿನ್ ಮೂರನ್ನೂ ಕೊಟ್ಟರೂ 170/100. ಕಾಲು ಊದಿಕೊಂಡಿತ್ತು. ಊರಿನ ಕ್ಲಿನಿಕ್ಕಿನಲ್ಲಿ ನಾಲ್ಕನೆಯದಾಗಿ ಟೆಲ್ಮಿಸಾರ್ಟನ್ ಸೇರಿಸಿದರು. ಹತ್ತು ದಿನದಲ್ಲಿ ಕ್ರಿಯಾಟಿನಿನ್ 2.4ಕ್ಕೆ ಹೋಯಿತು.

ಈ ಕೊನೆಯ ಸಾಲನ್ನು ಓದಿದ ಕೂಡಲೇ ಅನುಭವಿ ನೆಫ್ರಾಲಜಿಸ್ಟ್ ಅರ್ಧ ರೋಗನಿರ್ಣಯ ಮಾಡಿಬಿಡುತ್ತಾರೆ. ಅಪಧಮನಿ ಕಿರಿದಾದಾಗ ಕಿಡ್ನಿಯೊಳಗಿನ ಸೋಸುಬಲೆಗೆ ಒತ್ತಡ ಸಾಲುವುದಿಲ್ಲ. ರಕ್ತ ಹೊರಹೋಗುವ ಕಡೆಯ ಕಿರುನಾಳವನ್ನು ಆಂಜಿಯೊಟೆನ್ಸಿನ್ ಬಿಗಿಹಿಡಿದು ಆ ಒತ್ತಡವನ್ನು ಹೇಗೋ ಕಾಪಾಡಿಕೊಂಡಿರುತ್ತದೆ. ಟೆಲ್ಮಿಸಾರ್ಟನ್ ಆ ಹಿಡಿತವನ್ನು ಸಡಿಲಿಸಿದಾಗ ಸೋಸುವಿಕೆ ಕುಸಿಯುತ್ತದೆ. ಎರಡು ಕಿಡ್ನಿ ಇರುವವರಲ್ಲಿ ಇನ್ನೊಂದು ಈ ಕುಸಿತವನ್ನು ಮುಚ್ಚಿಹಾಕುತ್ತದೆ, ಇಲ್ಲಿ ಕೆಲಸ ಮಾಡುತ್ತಿರುವುದು ಒಂದೇ. ಕಾಲು ಊದಿದ್ದಕ್ಕೂ ಅದೇ ಕಾರಣ. 1934ರಲ್ಲಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಯ ಅಪಧಮನಿಯನ್ನು ಕ್ಲಾಂಪ್‌ನಿಂದ ಅದುಮಿ ರಕ್ತದೊತ್ತಡ ಏರಿಸಿ ತೋರಿಸಿದ್ದು ಇದೇ ಸಂಗತಿ. ಒಂದೇ ಕಿಡ್ನಿಯ ಮಾದರಿಯಲ್ಲಿ ಉಪ್ಪು, ನೀರು ಹೊರಹಾಕಲು ಬೇರೆ ದಾರಿಯಿಲ್ಲದೆ ಅವು ಮೈಯಲ್ಲೇ ನಿಲ್ಲುತ್ತವೆ.

ಹಾಗೆಂದು ಬೇರೆ ಕಾರಣಗಳನ್ನು ಬಿಡುವಂತಿಲ್ಲ. ಟ್ಯಾಕ್ರೊಲಿಮಸ್ (ಕಸಿ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಕೊಡುವ ಔಷಧ) ಮಟ್ಟ 7.2, ಸರಿಯಾಗಿತ್ತು. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಕಸಿ ಕಿಡ್ನಿಗೆ ಹಾನಿ ಮಾಡುವ ಬಿಕೆ ವೈರಸ್ ಇಲ್ಲ. ಮೂತ್ರನಾಳ ಹಿಗ್ಗಿಲ್ಲ. ದಾಖಲಾದ ದಿನವೇ ಟೆಲ್ಮಿಸಾರ್ಟನ್ ನಿಲ್ಲಿಸಿದರು. ಮೂರನೇ ದಿನಕ್ಕೆ ಕ್ರಿಯಾಟಿನಿನ್ 2.1ಕ್ಕೆ ಇಳಿಯಿತು. ಈ ಇಳಿಕೆಯೂ ಒಂದು ಸಾಕ್ಷಿಯೇ.

ಡಾಪ್ಲರ್ ಹೇಳಿದ್ದು, ಹೇಳದೆ ಬಿಟ್ಟದ್ದು

ಕಸಿ ಕಿಡ್ನಿ ಹೊಟ್ಟೆಯ ಗೋಡೆಯ ಹಿಂದೆಯೇ ಇರುವುದರಿಂದ ಡಾಪ್ಲರ್‌ಗೆ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ಸುಲಭವಾಗಿ ಸಿಗುತ್ತದೆ. ಮೊದಲ ಪರೀಕ್ಷೆ ಯಾವಾಗಲೂ ಅದೇ ಆಗಬೇಕು. ಈ ರೋಗಿಯಲ್ಲಿ ಹೊಲಿಗೆಯ ಹತ್ತಿರ ಗರಿಷ್ಠ ವೇಗ ಸೆಕೆಂಡಿಗೆ 340 ಸೆಂ.ಮೀ., ಪಕ್ಕದ ಇಲಿಯಾಕ್‌ನಲ್ಲಿ 130, ಅನುಪಾತ 2.6. ಕಿಡ್ನಿಯೊಳಗಿನ ಕವಲುಗಳಲ್ಲಿ ಅಲೆ ನಿಧಾನವಾಗಿ ಏರುತ್ತಿತ್ತು, ಏರಲು 0.11 ಸೆಕೆಂಡು. ರೆಸಿಸ್ಟಿವ್ ಇಂಡೆಕ್ಸ್ (ಹರಿವಿಗಿರುವ ತಡೆಯ ಅಳತೆ) 0.48. ಹೊಲಿಗೆಯಲ್ಲಿ 250ರಿಂದ 300 ದಾಟಿದ ವೇಗವೂ, ಒಳಗೆ 0.1 ಸೆಕೆಂಡು ಮೀರಿದ ಮಂದ ಏರಿಕೆಯೂ ಒಟ್ಟಿಗೆ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ.

ಆದರೆ ಡಾಪ್ಲರ್ ವರದಿಯ ಕೊನೆಯಲ್ಲಿ, "ನಾಳ ಹೊಲಿಗೆಯಾದ ಮೇಲೆ ಹಿಂದಕ್ಕೆ ತಿರುಗುತ್ತದೆ, ಕೋನ ಸರಿಯಾಗಿ ಹಿಡಿಯಲಾಗಲಿಲ್ಲ" ಎಂದಿತ್ತು. ಆ ಒಂದು ಸಾಲಿನಿಂದಾಗಿಯೇ ಎಂಆರ್‌ಐ ಬೇಕಾಯಿತು. ಮೂರು ಪ್ರಶ್ನೆಗಳು ಉಳಿದಿದ್ದವು. ನಾಳ ನಿಜವಾಗಿ ಕಿರಿದಾಗಿದೆಯೇ, ಅಥವಾ ಮಡಚಿಕೊಂಡಿದೆಯೇ? ಮಡಿಕೆಯಲ್ಲೂ ವೇಗ ಏರುತ್ತದೆ, ಆದರೆ ಅದನ್ನು ಅಗಲಿಸಲು ನಾಳದೊಳಗೆ ಬಲೂನ್ ಹಾಕಿದರೆ ಹೆಚ್ಚಾಗಿ ಪ್ರಯೋಜನವಿಲ್ಲ, ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಎರಡನೆಯದು, ಹೊಲಿಗೆಗಿಂತ ಮೇಲೆ ಇಲಿಯಾಕ್ ಅಪಧಮನಿಯಲ್ಲೇ ಅಡ್ಡಿ ಇದೆಯೇ? ಹಾಗಿದ್ದರೂ ಕಿಡ್ನಿಯೊಳಗಿನ ಅಲೆ ಇದೇ ರೀತಿ ಮಂದವಾಗುತ್ತದೆ. ಮೂರನೆಯದು, ಚಿಕ್ಕ ಧ್ರುವನಾಳ (ಕಿಡ್ನಿಯ ಮೇಲಿನ ಅಥವಾ ಕೆಳಗಿನ ತುದಿಗೆ ಹೋಗುವ ನಾಳ) ಯಾವುದಾದರೂ ಮುಚ್ಚಿದೆಯೇ?

ಸಿಟಿ ಆಂಜಿಯೊಗ್ರಾಂ ಮಾಡಬಹುದಿತ್ತು. ಕ್ಲಿಪ್ (ಸಣ್ಣ ನಾಳ ಮುಚ್ಚುವ ಲೋಹದ ಚಿಮುಟ), ಸ್ಟೆಂಟ್ (ನಾಳ ತೆರೆದಿಡುವ ಲೋಹದ ಜಾಲರಿ) ಇದ್ದ ಕಡೆ ಅದು ಎಂಆರ್‌ಐಗಿಂತ ವಾಸಿ, ಇದನ್ನು ಒಪ್ಪಲೇಬೇಕು. ಕ್ರಿಯಾಟಿನಿನ್ ಏರಿ ಇಳಿಯುತ್ತಿರುವ ಹೊತ್ತಿನಲ್ಲಿ, ಮುಂದೆ ಹೇಗೂ ಕ್ಯಾಥ್‌ಲ್ಯಾಬ್‌ನಲ್ಲಿ (ನಾಳದೊಳಗಿಂದ ಚಿಕಿತ್ಸೆ ಮಾಡುವ ಕೋಣೆ) ಒಂದಿಷ್ಟು ಅಯೋಡಿನ್ (ನಾಳ ಕಾಣಿಸಲು ಚುಚ್ಚುವ, ಕಿಡ್ನಿಗೆ ಹೊರೆಯಾಗಬಹುದಾದ ದ್ರವ) ಹೋಗಬೇಕಾಗಿರುವಾಗ, ಈಗಲೇ ಅದನ್ನು ಖರ್ಚು ಮಾಡುವುದು ಬೇಡವೆಂದು ಎಂಆರ್‌ಐ ಆರಿಸಿಕೊಂಡದ್ದು.

ಗ್ಯಾಡೊಲಿನಿಯಂ ಕೊಡಬಹುದೇ?

ಕಿಡ್ನಿ ರೋಗಿಗೆ ಎಂಆರ್‌ಐ ಕಾಂಟ್ರಾಸ್ಟ್ (ನಾಳಗಳನ್ನು ಬೆಳಗಿಸಲು ಚುಚ್ಚುವ, ಗ್ಯಾಡೊಲಿನಿಯಂ ಲೋಹವಿರುವ ಔಷಧ) ಎಂದರೆ ಇಂದಿಗೂ ಹಲವರು ಹಿಂಜರಿಯುತ್ತಾರೆ. ಹಿಂಜರಿಕೆಗೆ ಕಾರಣವಿದೆ. 1997ರಲ್ಲಿ ಅಮೆರಿಕದಲ್ಲಿ ಮೊದಲು ಗಮನಕ್ಕೆ ಬಂದು 2000ರಲ್ಲಿ ವರದಿಯಾದ, ಚರ್ಮ ಹಲಗೆಯಂತೆ ಗಟ್ಟಿಯಾಗಿ ಕೀಲುಗಳು ಬಿಗಿದುಕೊಳ್ಳುವ ಕಾಯಿಲೆಗೆ ಗ್ಯಾಡೊಲಿನಿಯಂ ಕಾರಣವಿರಬಹುದೆಂದು 2006ರಲ್ಲಿ ಯುರೋಪಿನ ವೈದ್ಯರು ತೋರಿಸಿದರು. ಇದರ ಹೆಸರು ನೆಫ್ರೊಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್. ಹೆಚ್ಚಿನ ಪ್ರಕರಣಗಳು ಗ್ಯಾಡೊಡಯಮೈಡ್, ಗ್ಯಾಡೊಪೆಂಟಟೇಟ್, ಗ್ಯಾಡೊವರ್ಸೆಟಮೈಡ್ ಎಂಬ ಮೂರು ಔಷಧಗಳಿಗೆ ಸೇರಿದವು. ಮೂರೂ ರೇಖೀಯ ರಚನೆಯವು. ಲೋಹವನ್ನು ತೆರೆದ ಸರಪಳಿಯಲ್ಲಿ ಹಿಡಿದಿರುತ್ತವೆ, ಮೈಯಲ್ಲಿ ಹೆಚ್ಚು ಹೊತ್ತು ಉಳಿದರೆ ಲೋಹ ಕಳಚಿಕೊಳ್ಳುತ್ತದೆ. ಗ್ಯಾಡೊಟೆರೇಟ್, ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರಿಡಾಲ್ ಉಂಗುರ ರಚನೆಯವು, ಲೋಹವನ್ನು ಪಂಜರದೊಳಗೆ ಕೂಡಿಹಾಕಿದಂತೆ. ಕಿಡ್ನಿ ಕಾಯಿಲೆಯ ನಾಲ್ಕು ಮತ್ತು ಐದನೇ ಹಂತದವರಿಗೆ ಸುರಕ್ಷಿತ ಗುಂಪಿನ ಔಷಧ ಕೊಟ್ಟ 4,931 ಸಂದರ್ಭಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಈ ಕಾಯಿಲೆ ಒಂದೂ ಸಿಗಲಿಲ್ಲ.

ಈ ರೋಗಿಯ ಲೆಕ್ಕ ಹೀಗಿತ್ತು. ಕ್ರಿಯಾಟಿನಿನ್ 2.4 ಇದ್ದಾಗ ಇಜಿಎಫ್ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆಂಬ ಅಂದಾಜು) ಸುಮಾರು 33. ಆದರೆ ಆ ಸೂತ್ರ ಸ್ಥಿರವಾಗಿ ನಿಂತ ಕ್ರಿಯಾಟಿನಿನ್‌ಗೆ ಮಾತ್ರ ಹೊಂದುತ್ತದೆ. ದಿನದಿನಕ್ಕೆ ಬದಲಾಗುತ್ತಿರುವಾಗ 33 ಎಂಬುದಕ್ಕೆ ಅರ್ಥವಿಲ್ಲ. "ಮೂವತ್ತಕ್ಕಿಂತ ಮೇಲಿದೆ, ತೊಂದರೆಯಿಲ್ಲ" ಎನ್ನುವುದು ತಪ್ಪು ತರ್ಕ. ಹಠಾತ್ ಹಾನಿಯಾದ ಕಿಡ್ನಿ ಎಂದು ಎಣಿಸಿ ಅಪಾಯದ ಗುಂಪಿಗೇ ಸೇರಿಸಬೇಕು. ಹಾಗೆ ಸೇರಿಸಿಯೇ ನಿರ್ಧಾರವಾಯಿತು: ಮೊದಲು ಕಾಂಟ್ರಾಸ್ಟ್ ಇಲ್ಲದೆ, ಅದರಲ್ಲಿ ಉತ್ತರ ಸಿಗದಿದ್ದರೆ ಗ್ಯಾಡೊಟೆರೇಟ್ ಒಂದೇ ಡೋಸ್.

ಡೋಸ್ ವಿಷಯದಲ್ಲಿ ಆಗುವ ಒಂದು ಎಡವಟ್ಟನ್ನು ಇಲ್ಲೇ ಹೇಳಿಬಿಡಬೇಕು. ಗ್ಯಾಡೊಟೆರೇಟ್ ಮಿಲಿಲೀಟರಿಗೆ ಅರ್ಧ ಮಿಲಿಮೋಲ್, ಗ್ಯಾಡೊಬ್ಯುಟ್ರಾಲ್ ಒಂದು ಮಿಲಿಮೋಲ್. ಕಿಲೊಗೆ 0.1 ಮಿಲಿಮೋಲ್ ಲೆಕ್ಕದಲ್ಲಿ 62 ಕಿಲೊಗೆ ಮೊದಲನೆಯದು 12.4 ಮಿ.ಲೀ., ಎರಡನೆಯದು 6.2 ಮಿ.ಲೀ. ಸ್ಟೋರ್‌ನಲ್ಲಿ ಮೊದಲನೆಯದು ಮುಗಿದು ಎರಡನೆಯದು ಬಂದ ವಾರ, ಇಂಜೆಕ್ಟರ್‌ನಲ್ಲಿ ಹಳೆಯ ಪರಿಮಾಣವೇ ಉಳಿದಿದ್ದರೆ ರೋಗಿಗೆ ದುಪ್ಪಟ್ಟು ಹೋಗುತ್ತದೆ. ವಯಲ್ ಮೇಲಿನ ಹೆಸರನ್ನು ಇಬ್ಬರು ಓದಿ ಹೇಳುವುದು ಅರ್ಧ ನಿಮಿಷದ ಕೆಲಸ.

ಮೇಜಿನ ಮೇಲೆ

ನಾಲ್ಕು ಗಂಟೆ ಹೊಟ್ಟೆ ಖಾಲಿ. ಮಧುಮೇಹವಿದ್ದವರಾದರೆ ತೋಳಿನ ಗ್ಲುಕೋಸ್ ಸೆನ್ಸರ್, ಇನ್ಸುಲಿನ್ ಪಂಪ್ ತೆಗೆಸಬೇಕು. ಇವರಿಗೆ ಎಡ ಮುಂಗೈಯಲ್ಲಿ ಡಯಾಲಿಸಿಸ್ ಕಾಲದ ಫಿಸ್ಟುಲಾ (ಅಪಧಮನಿಗೆ ಅಭಿಧಮನಿ ಜೋಡಿಸಿದ ಜಾಗ) ಇನ್ನೂ ಜೀವಂತವಾಗಿತ್ತು, ಮುಟ್ಟಿದರೆ ಝುಮ್ಮೆನ್ನುತ್ತಿತ್ತು. ಆ ಕೈಗೆ ಸೂಜಿಯೂ ಇಲ್ಲ, ಬಿಪಿ ಪಟ್ಟಿಯೂ ಇಲ್ಲ. 20 ಗೇಜ್ ಕ್ಯಾನುಲಾ ಬಲ ಮೊಣಕೈ ಮಡಿಕೆಗೆ. ಕಸಿಯಾದವರ ಕೈನರಗಳು ವರ್ಷಗಟ್ಟಲೆ ಚುಚ್ಚಿಸಿಕೊಂಡು ಸೋತಿರುತ್ತವೆ. ಇನ್ನೂ ಸಣ್ಣದಾದ 22 ಗೇಜ್ ಮುಂಗೈಗೆ ಹಾಕಿ ಸೆಕೆಂಡಿಗೆ 2 ಮಿ.ಲೀ. ತಳ್ಳುವ ಧೈರ್ಯ ಬೇಡ.

ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮೊದಲೇ ತರಿಸಿ ಓದಬೇಕು. ಎಷ್ಟು ಅಪಧಮನಿ, ಯಾವುದಕ್ಕೆ ಹೊಲಿದದ್ದು, ಯಾವ ಕ್ಲಿಪ್. ಈ ಕಡತದಲ್ಲಿ ಮೊದಲೆರಡಕ್ಕೆ ಉತ್ತರವಿತ್ತು: ಒಂದೇ ಅಪಧಮನಿ, ಹೊರ ಇಲಿಯಾಕ್. ಕ್ಲಿಪ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆ ಮೌನಕ್ಕೆ ಮುಂದೆ ಬೆಲೆ ತೆರಬೇಕಾಯಿತು.

ಹೊಟ್ಟೆಯ ಮೇಲಿನ ಕಾಯಿಲ್ (ಸಂಕೇತ ಹಿಡಿಯುವ ಸಾಧನ) ಅನ್ನು ಕೆಳಗೆ ಇಳಿಸಿ ಕೆಳಹೊಟ್ಟೆಯ ಮೇಲೆ ಕಟ್ಟಬೇಕು. ಕರುಳಿನ ಚಲನೆ ತಗ್ಗಿಸಲು ಹಯೊಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿ.ಗ್ರಾಂ., ಗ್ಲೌಕೋಮಾ ಅಥವಾ ಹೃದಯಬಡಿತದ ತೊಂದರೆ ಇಲ್ಲವೆಂದು ಕೇಳಿಕೊಂಡ ಮೇಲೆ.

ಉಸಿರಿನ ಅಭ್ಯಾಸಕ್ಕೆ ಐದು ನಿಮಿಷ ಮೀಸಲಿಡಬೇಕು. ಯಂತ್ರದೊಳಗಿನ ಧ್ವನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ, ಹಳ್ಳಿಯಿಂದ ಬಂದವರು ಅದನ್ನು ಕೇಳಿ ಸುಮ್ಮನೆ ಮಲಗಿರುತ್ತಾರೆ. ಇನ್ನೊಂದು ಸೂಕ್ಷ್ಮ: "ಉಸಿರು ಹಿಡೀರಿ" ಎಂದ ಕೂಡಲೇ ಹೆಚ್ಚಿನವರು ಮೊದಲು ಒಂದು ಗುಕ್ಕು ಗಾಳಿ ಎಳೆದುಕೊಂಡೇ ಹಿಡಿಯುತ್ತಾರೆ. ಪ್ರತಿ ಸಲ ಎಳೆಯುವ ಪ್ರಮಾಣ ಬೇರೆ, ಹೊಟ್ಟೆ ನಿಲ್ಲುವ ಜಾಗವೂ ಬೇರೆ. ಅದಕ್ಕೇ ಉಸಿರು ಹೊರಬಿಟ್ಟು ಹಿಡಿಸುವುದು ಒಳ್ಳೆಯದು. ತಂತ್ರಜ್ಞೆ ಅವರ ಮಾತಿನಲ್ಲೇ ಹೇಳಿಕೊಟ್ಟರೆ ಕೆಲಸ ಸಲೀಸು: "ಅಣ್ಣಾರ, ಪೂರ್ತಿ ಬಿಡ್ರಿ... ಇನ್ನೂ ಬಿಡ್ರಿ... ಹಾಂ, ಈಗ ತಗೋಬ್ಯಾಡ್ರಿ, ಹಂಗ ಇರ್ರಿ." ಮೂರನೇ ಸಲಕ್ಕೆ ಇವರು 20 ಸೆಕೆಂಡು ನಿಂತರು.

ಮೊದಲ ಸುತ್ತು: ಕಾಂಟ್ರಾಸ್ಟ್ ಇಲ್ಲದೆ

1.5 ಟೆಸ್ಲಾ ಯಂತ್ರ. ಮೊದಲು ವೇಗದ ಟಿ2 ಚಿತ್ರಗಳು, ಉದ್ದಕ್ಕೂ ಅಡ್ಡಕ್ಕೂ. ಕಿಡ್ನಿ 11 ಸೆಂ.ಮೀ., ಮೂತ್ರ ನಿಂತಿಲ್ಲ, ನಾಳಗಳನ್ನು ಅದುಮುವ ಲಿಂಫೋಸೀಲ್ (ದುಗ್ಧರಸ ತುಂಬಿದ ಚೀಲ) ಇಲ್ಲ. ನಂತರ ಕೊಬ್ಬು-ನೀರು ಬೇರ್ಪಡಿಸುವ ಎರಡು-ಎಕೋ ಟಿ1 ಚಿತ್ರ, ಅಂದರೆ ಮರಳಿ ಬರುವ ಸಂಕೇತವನ್ನು (ಎಕೋ) ಎರಡು ಬೇರೆ ಹೊತ್ತಿನಲ್ಲಿ ಹಿಡಿಯುವುದು. ಇದನ್ನು ಆಂಜಿಯೊಗ್ರಾಂ ಪಟ್ಟಿಯಲ್ಲಿ ಅನಗತ್ಯವೆಂದು ಹಲವರು ಬಿಡುತ್ತಾರೆ. ಬಿಡಬಾರದೇಕೆಂದು ಮುಂದೆ ತಿಳಿಯುತ್ತದೆ.

ಆಮೇಲೆ ಒಳಹರಿವಿನ ಆಂಜಿಯೊಗ್ರಾಂ. ಕಂಪನಿಗೊಂದು ಹೆಸರು, ತತ್ತ್ವ ಒಂದೇ. ಕೆಳಹೊಟ್ಟೆಯ ದಪ್ಪ ತುಂಡೊಂದರ ಮೇಲೆ ವಿಲೋಮ ಪಲ್ಸ್ ಹಾಕಿ ಅಲ್ಲಿರುವ ಎಲ್ಲ ಅಂಗಾಂಶದ, ರಕ್ತದ ಸಂಕೇತವನ್ನು ತಲೆಕೆಳಗು ಮಾಡುವುದು. ಒಂದಿಷ್ಟು ಹೊತ್ತು ಕಾಯುವುದು. ಆ ಹೊತ್ತಿನಲ್ಲಿ ಹಿನ್ನೆಲೆಯ ಸಂಕೇತ ಸೊನ್ನೆಯ ಹತ್ತಿರ ಬಂದಿರುತ್ತದೆ, ಮೇಲಿನ ಮಹಾಪಧಮನಿಯಿಂದ ಪಲ್ಸ್ ತಾಗದ ಹೊಸ ರಕ್ತ ಇಳಿದು ಬಂದಿರುತ್ತದೆ. ಆಗ ಚಿತ್ರ ತೆಗೆದರೆ ಹೊಸ ರಕ್ತ ಮಾತ್ರ ಬೆಳಗುತ್ತದೆ. ಉಸಿರಿಗೆ ಹೊಂದಿಸಿ ತೆಗೆಯುವುದರಿಂದ ನಾಲ್ಕೈದು ನಿಮಿಷ ಬೇಕು. ಕಸಿ ಕಿಡ್ನಿ ಕೆಳಗಿರುವುದರಿಂದ ಉಸಿರಿಗೆ ಅಷ್ಟಾಗಿ ಅಲುಗುವುದಿಲ್ಲ, ಇದೊಂದು ಅನುಕೂಲ.

ತುಂಡನ್ನು ಎಲ್ಲಿಡಬೇಕೆಂಬುದರಲ್ಲೇ ಎಲ್ಲವೂ ಇದೆ. ಸ್ವಂತ ಕಿಡ್ನಿಗೆ ಇಟ್ಟು ರೂಢಿಯಾದ ಕೈ ಇಲ್ಲಿ ತಪ್ಪುತ್ತದೆ. ಸ್ವಂತ ಕಿಡ್ನಿಯ ಅಪಧಮನಿ ಮಹಾಪಧಮನಿಯಿಂದ ನೇರ ಹೊರಡುತ್ತದೆ, ಹೊಸ ರಕ್ತಕ್ಕೆ ದಾರಿ ಚಿಕ್ಕದು. ಕಸಿ ಕಿಡ್ನಿಗೆ ರಕ್ತ ಮಹಾಪಧಮನಿ ಕವಲೊಡೆದ ಮೇಲೆ ಸಾಮಾನ್ಯ ಇಲಿಯಾಕ್, ಹೊರ ಇಲಿಯಾಕ್ ದಾಟಿ ಬರಬೇಕು. ತುಂಡಿನ ಮೇಲಂಚನ್ನು ತೀರಾ ಮೇಲಿಟ್ಟರೆ ಹೊಸ ರಕ್ತ ಕಿಡ್ನಿ ತಲುಪುವ ಮೊದಲೇ ಚಿತ್ರ ಶುರುವಾಗುತ್ತದೆ. ತೀರಾ ಕೆಳಗಿಟ್ಟರೆ ಇಲಿಯಾಕ್ ಬೇರು ಚಿತ್ರದಿಂದ ಹೊರಗುಳಿದು, ಅಲ್ಲಿರುವ ಅಡ್ಡಿ ಕಾಣುವುದೇ ಇಲ್ಲ. ಕವಲಿಗಿಂತ ಒಂದೆರಡು ಸೆಂ.ಮೀ. ಮೇಲೆ ಇಡುವುದು ನಡುದಾರಿ. ಕೆಳಂಚು ತೊಡೆಯ ಮೇಲ್ಭಾಗದವರೆಗೆ ಇಳಿಯಬೇಕು. ಕಾಲಿನಿಂದ ಏರಿಬರುವ ಅಭಿಧಮನಿ ರಕ್ತಕ್ಕೂ ಪಲ್ಸ್ ತಾಗದಿದ್ದರೆ ಇಲಿಯಾಕ್ ಅಭಿಧಮನಿ ಅಪಧಮನಿಯಷ್ಟೇ ಬೆಳಗಿ ಎರಡೂ ಕಲಸಿಹೋಗುತ್ತವೆ.

ಕಾಯುವ ಸಮಯ 1200 ಮಿಲಿಸೆಕೆಂಡು ಇಟ್ಟು ತೆಗೆದ ಚಿತ್ರದಲ್ಲಿ ಇಲಿಯಾಕ್‌ಗಳು ಚೊಕ್ಕಟ, ಅಡ್ಡಿಯಿಲ್ಲ. ಎರಡನೇ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಆದರೆ ಕಿಡ್ನಿಯ ಅಪಧಮನಿ ಹೊಲಿಗೆಯಿಂದ ಹೊರಟು 4 ಮಿ.ಮೀ. ದಾಟಿದ ಮೇಲೆ ಮಾಯ. 9 ಮಿ.ಮೀ. ಕಪ್ಪು. ಆಮೇಲೆ ಮತ್ತೆ ನಾಳ, ಮಂಕಾಗಿ. ಕಿಡ್ನಿಯೊಳಗಿನ ಕವಲುಗಳು ಮೊದಲ ಗುಂಪಿನಲ್ಲೇ ನಿಂತುಹೋಗಿದ್ದವು.

ಇಲ್ಲಿ ಕಾಗದ ತೆಗೆದು "ಅತಿ ತೀವ್ರ ಸಂಕೋಚನ, ಬಹುತೇಕ ಮುಚ್ಚಿದೆ" ಎಂದು ಬರೆಯುವುದು ಸುಲಭ. ಬರೆದರೆ ಶಸ್ತ್ರಚಿಕಿತ್ಸಕರಿಗೆ ರಾತ್ರೋರಾತ್ರಿ ಫೋನು ಹೋಗುತ್ತದೆ. ಆದರೆ ಲೆಕ್ಕ ಕೂಡುತ್ತಿಲ್ಲ. ಬಹುತೇಕ ಮುಚ್ಚಿದ ನಾಳದ ಕಿಡ್ನಿಯಲ್ಲಿ ಟೆಲ್ಮಿಸಾರ್ಟನ್ ನಿಲ್ಲಿಸಿದ ಮೂರನೇ ದಿನಕ್ಕೆ ಕ್ರಿಯಾಟಿನಿನ್ ಇಳಿಯುವುದು, ಮೂತ್ರ ದಿನಕ್ಕೆ ಎರಡು ಲೀಟರ್ ಹೋಗುವುದು ಅಪರೂಪ.

ಕಪ್ಪು ಎಲ್ಲಿಂದ ಬಂತು?

ಮೊದಲ ಸಂಶಯ ಹರಿವಿನ ಮೇಲೆ. ಕಿರಿದಾದ ಜಾಗದಾಚೆ ರಕ್ತ ನಿಧಾನವಾಗಿದ್ದರೆ ಹೊಸ ರಕ್ತ ಇನ್ನೂ ತಲುಪಿರುವುದಿಲ್ಲ. ಇದಕ್ಕೊಂದು ಸರಳ ಪರೀಕ್ಷೆ: ಕಾಯುವ ಸಮಯ ಮಾತ್ರ ಬದಲಿಸಿ ಅದೇ ಚಿತ್ರವನ್ನು ಮತ್ತೆ ತೆಗೆಯುವುದು. 1600 ಮಿಲಿಸೆಕೆಂಡಿಗೆ ಏರಿಸಿದಾಗ ಹಿನ್ನೆಲೆ ಸ್ವಲ್ಪ ಬೂದಾಯಿತು, ಅಭಿಧಮನಿಯೂ ಇಣುಕಿತು. ಕಿಡ್ನಿಯೊಳಗಿನ ಕವಲುಗಳು ಇನ್ನೂ ಎರಡು ಗುಂಪು ಮುಂದೆ ತುಂಬಿದವು. ಅಂದರೆ ಅಲ್ಲಿಯ ಮಂಕು ಹರಿವಿನದು. ಆದರೆ 9 ಮಿ.ಮೀ. ಕಪ್ಪು ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ. ಹರಿವಿನ ಕಪ್ಪಾಗಿದ್ದರೆ ಅದು ಸಮಯದೊಂದಿಗೆ ಜರುಗಬೇಕಿತ್ತು.

ಎರಡನೇ ಸಂಶಯ ಯಂತ್ರದ ಕ್ಷೇತ್ರದ ಮೇಲೆ. ಈ ಚಿತ್ರಕ್ರಮ ಕಾಂತಕ್ಷೇತ್ರದ ಏರುಪೇರನ್ನು ಸಹಿಸುವುದಿಲ್ಲ. ಕರುಳಿನಲ್ಲಿ ಗಾಳಿಯಿದ್ದರೆ ಕಪ್ಪು ಪಟ್ಟೆಗಳು ಅಡ್ಡ ಬೀಳುತ್ತವೆ, 3 ಟೆಸ್ಲಾದಲ್ಲಿ ಇನ್ನೂ ಕಾಟ. ಅಂಥ ಪಟ್ಟೆ ನಾಳವನ್ನು ದಾಟಿ ಪಕ್ಕದ ಅಂಗಾಂಶದಲ್ಲೂ ಮುಂದುವರಿಯುತ್ತದೆ, ಫ್ರೀಕ್ವೆನ್ಸಿ ಸ್ವಲ್ಪ ಸರಿಸಿದರೆ ಜಾಗ ಬದಲಿಸುತ್ತದೆ. ಇದು ಹಾಗಿರಲಿಲ್ಲ.

ಮೂರನೆಯದು ಲೋಹ. ಎರಡು-ಎಕೋ ಟಿ1 ಚಿತ್ರ ಈಗ ಕೆಲಸಕ್ಕೆ ಬಂತು. 1.5 ಟೆಸ್ಲಾದಲ್ಲಿ ಮೊದಲ ಎಕೋ ಸುಮಾರು 2.3 ಮಿಲಿಸೆಕೆಂಡಿಗೆ, ಎರಡನೆಯದು 4.6ಕ್ಕೆ. ಲೋಹದ ಸುತ್ತ ಕಾಂತಕ್ಷೇತ್ರ ಕದಡಿರುತ್ತದೆ, ಎಕೋ ತಡವಾದಷ್ಟೂ ಕಪ್ಪು ಅರಳುತ್ತದೆ. ಇಲ್ಲಿ ಮೊದಲ ಎಕೋದಲ್ಲಿ ಕಡಲೆಕಾಳಿನಷ್ಟಿದ್ದ ಕಪ್ಪು ಎರಡನೆಯದರಲ್ಲಿ ಗೋಡಂಬಿಯಷ್ಟಾಗಿತ್ತು. ನಾಳದ ಹೊರಮಗ್ಗುಲಲ್ಲಿ ಕ್ಲಿಪ್! ಟಿಪ್ಪಣಿಯಲ್ಲಿ ಬರೆಯದೆ ಬಿಟ್ಟದ್ದು ಚಿತ್ರದಲ್ಲಿ ಸಹಿ ಹಾಕಿತ್ತು. ಯಾವುದೋ ಸಣ್ಣ ಕವಲನ್ನು ಕಟ್ಟಲು ಹಾಕಿದ್ದಿರಬೇಕು. ಪೂರ್ತಿ ಸುರಕ್ಷಿತವೇ, ಆದರೆ ನಾಳಕ್ಕೆ ಅಂಟಿಕೊಂಡಿತ್ತು. ಟೈಟೇನಿಯಂ ಆಗಿದ್ದರೆ ಕಪ್ಪು ಚಿಕ್ಕದು, ಸ್ಟೀಲ್ ಆಗಿದ್ದರೆ ದೊಡ್ಡದು.

ಕ್ಲಿಪ್ ಸಿಕ್ಕಿತೆಂದು ಇಲ್ಲಿಗೆ ನಿಲ್ಲಿಸಿ "ನಾಳ ಸರಿಯಿದೆ" ಎನ್ನುವುದು ಮೊದಲನೆಯದಕ್ಕಿಂತ ಕೆಟ್ಟ ತಪ್ಪು. ಡಾಪ್ಲರ್‌ನ 340 ಸುಳ್ಳಲ್ಲ. ಕ್ಲಿಪ್‌ನ ನೆರಳಿನೊಳಗೆ ನಿಜವಾದ ಸಂಕೋಚನ ಅಡಗಿರಬಹುದು. ಗ್ಯಾಡೊಲಿನಿಯಂ ಸಮರ್ಥಿಸಿಕೊಳ್ಳುವುದು ಈ ಹಂತದಲ್ಲಿ: ಅದರ ಚಿತ್ರಕ್ರಮದಲ್ಲಿ ಎಕೋ ಒಂದು ಮಿಲಿಸೆಕೆಂಡಿನ ಆಸುಪಾಸಿಗೇ ಮುಗಿಯುತ್ತದೆ, ಕ್ಲಿಪ್‌ನ ನೆರಳು ಅರಳಲು ಸಮಯವೇ ಇರುವುದಿಲ್ಲ.

ಎರಡನೇ ಸುತ್ತು

3ಡಿ ಗ್ರೇಡಿಯೆಂಟ್ ಎಕೋ, ಟಿಆರ್ (ಪಲ್ಸ್‌ಗಳ ನಡುವಿನ ಅಂತರ) 3.2, ಟಿಇ (ಎಕೋ ಬರುವ ಹೊತ್ತು) 1.1 ಮಿಲಿಸೆಕೆಂಡು, ಫ್ಲಿಪ್ ಕೋನ 25 ಡಿಗ್ರಿ, ಪದರ 1.2 ಮಿ.ಮೀ., ಒಟ್ಟು 19 ಸೆಕೆಂಡು. ಚಿತ್ರದ ತುಂಡನ್ನು ಇಡುವಾಗ ಮತ್ತೊಂದು ರೂಢಿಯ ತಪ್ಪು: ಬೆನ್ನುಮೂಳೆಯ ಮುಂದಿನ ಮಹಾಪಧಮನಿಗೆ ಹೊಂದಿಸಿ ಹಿಂದಿಟ್ಟರೆ, ಹೊಟ್ಟೆಯ ಗೋಡೆಗೆ ತಾಗಿಕೊಂಡಿರುವ ಕಸಿ ಕಿಡ್ನಿಯ ಮುಂಭಾಗವೇ ಕತ್ತರಿಸಿಹೋಗುತ್ತದೆ. ಪಕ್ಕನೋಟದ ಚಿತ್ರದಲ್ಲಿ ಕಿಡ್ನಿಯ ಮುಂದಂಚು, ಇಲಿಯಾಕ್‌ನ ಹಿಂದಂಚು ಎರಡನ್ನೂ ನೋಡಿ ಇಡಬೇಕು. ಮೊಣಕೈ ಕೆಳಗೆ ದಿಂಬು ಕೊಟ್ಟು ಕೈಗಳನ್ನು ಎತ್ತಿಡಬೇಕು, ಇಲ್ಲವಾದರೆ ಅವು ಚಿತ್ರದೊಳಗೆ ಮಡಚಿ ಬರುತ್ತವೆ.

ಆಮೇಲೆ ಹಿನ್ನೆಲೆಯನ್ನು ಕಳೆದುಹಾಕುವುದಕ್ಕೆ ಬೇಕಾದ ಕಾಂಟ್ರಾಸ್ಟ್ ರಹಿತ ಚಿತ್ರ ಮೊದಲು. ನಂತರ 12.4 ಮಿ.ಲೀ. ಗ್ಯಾಡೊಟೆರೇಟ್ ಸೆಕೆಂಡಿಗೆ 2 ಮಿ.ಲೀ.ಯಂತೆ, ಹಿಂದೆಯೇ ಅದೇ ವೇಗದಲ್ಲಿ 25 ಮಿ.ಲೀ. ಸಲೈನ್. ಮಹಾಪಧಮನಿಯ ಕೆಳತುದಿಯಲ್ಲಿ ಬೆಳಕು ಬರುವುದನ್ನು ಪರದೆಯ ಮೇಲೆ ನೋಡುತ್ತಾ, ಉಸಿರು ಬಿಡಿಸಿ, ಚಿತ್ರ ಹಾರಿಸುವುದು. ಚಿತ್ರದ ಹೊಳಪು ನಿರ್ಧರಿಸುವ ದತ್ತಾಂಶ ಮೊದಲ ಕೆಲವು ಸೆಕೆಂಡಿನಲ್ಲೇ ಸಂಗ್ರಹವಾಗುವ ಕ್ರಮ ಇದಾದ್ದರಿಂದ, ಅವಸರಪಟ್ಟರೆ ನಾಳದ ಅಂಚು ಬೆಳಗಿ ನಡು ಕಪ್ಪಾಗುತ್ತದೆ. ಅದನ್ನು ರಕ್ತ ಹೆಪ್ಪೆಂದು ಓದಿದವರಿದ್ದಾರೆ. ತಡವಾದರೆ ಕಿಡ್ನಿಯ ಅಭಿಧಮನಿ ಬೆಳಗಿ ಅಪಧಮನಿಯ ಮೇಲೆ ಕೂರುತ್ತದೆ. ಕಿಡ್ನಿಯಲ್ಲಿ ರಕ್ತ ಹಾದುಹೋಗಲು ಕೆಲವೇ ಸೆಕೆಂಡು ಸಾಕು, ಕೈಕಾಲಿನ ಆಂಜಿಯೊಗ್ರಾಂನಲ್ಲಿ ಸಿಗುವ ಬಿಡುವು ಇಲ್ಲಿ ಸಿಗುವುದಿಲ್ಲ. ಒಂದೂವರೆ ನಿಮಿಷಕ್ಕೆ ಇನ್ನೊಂದು ಸುತ್ತು ಅಭಿಧಮನಿಗಾಗಿ.

ಈಗ ನಾಳ ತುಂಡಾಗಿರಲಿಲ್ಲ. ಹೊರಮಗ್ಗುಲಲ್ಲಿ ಕ್ಲಿಪ್‌ನ ಸಣ್ಣ ಕಚ್ಚು ಬೇರೆಯಾಗಿ ಕಂಡಿತು. ಅದರ ಪಕ್ಕದಲ್ಲಿ, ಹೊಲಿಗೆಯಿಂದ 6 ಮಿ.ಮೀ. ಆಚೆ, 5 ಮಿ.ಮೀ. ಉದ್ದಕ್ಕೆ ನಾಳ ನಿಜವಾಗಿಯೂ ಕಿರಿದಾಗಿತ್ತು. ಅದರ ಮುಂದೆ ನಾಳ ಉಬ್ಬಿಕೊಂಡು, ಆಮೇಲೆ ಸಹಜ ಗಾತ್ರಕ್ಕೆ ಬಂದು, ಹಿಂದಕ್ಕೆ ಬಾಗಿ ಕಿಡ್ನಿಯನ್ನು ಸೇರುತ್ತಿತ್ತು. ಬಾಗು ನುಣುಪಾಗಿತ್ತು, ಮಡಿಕೆಯಲ್ಲ.

ಅಳತೆಯನ್ನು ಎಂಐಪಿ ಚಿತ್ರದ (ಎಲ್ಲ ಪದರಗಳ ಅತಿ ಹೊಳಪಿನ ಚುಕ್ಕೆಗಳನ್ನು ಒಂದರಲ್ಲೇ ಸೇರಿಸಿದ್ದು) ಮೇಲೆ ಮಾಡಬಾರದು. ಅದು ನೋಡಲು ಚೆಂದ, ವಾರ್ಡಿನಲ್ಲಿ ತೋರಿಸಲು ಸರಿ, ಆದರೆ ಸಂಕೋಚನವನ್ನು ಹಿಗ್ಗಿಸಿ ತೋರಿಸುತ್ತದೆ. ನಾಳದ ನಡುರೇಖೆಗೆ ಲಂಬವಾಗಿ ಕತ್ತರಿಸಿದ ಚಿತ್ರದಲ್ಲಿ ಕಿರಿದಾದ ಜಾಗ 1.7 ಮಿ.ಮೀ., ಸಹಜ ಜಾಗ 5.6 ಮಿ.ಮೀ. ಸುಮಾರು ಶೇ. 70 ಸಂಕೋಚನ. ಸಹಜ ಅಳತೆಯನ್ನು ಉಬ್ಬಿದ ಜಾಗದಲ್ಲಿ ತೆಗೆದುಕೊಂಡಿದ್ದರೆ ಶೇಕಡಾವಾರು ಸುಮ್ಮನೆ ಏರುತ್ತಿತ್ತು. ಇನ್ನೂ ಒಂದು ಪ್ರಾಮಾಣಿಕತೆ ಬೇಕು: 1.2 ಮಿ.ಮೀ. ಪದರದಲ್ಲಿ 1.7 ಮಿ.ಮೀ. ಎಂದರೆ ಒಂದೂವರೆ ಚುಕ್ಕೆ. "ಶೇ. 72" ಎಂದು ಬರೆಯುವವರು ಯಂತ್ರಕ್ಕಿಲ್ಲದ ನಿಖರತೆಯನ್ನು ತಾವೇ ಸೇರಿಸುತ್ತಾರೆ. ವರದಿಯಲ್ಲಿ "ಶೇ. 60ರಿಂದ 80ರ ನಡುವೆ, ಡಾಪ್ಲರ್‌ನೊಂದಿಗೆ ಸೇರಿಸಿ ನೋಡಿದರೆ ರಕ್ತಹರಿವಿಗೆ ಅಡ್ಡಿಯಾಗುವಷ್ಟು" ಎಂದು ಬರೆಯಲಾಯಿತು. ಕಿಡ್ನಿಯ ಹೊರಪದರ ಸಮವಾಗಿ ಬೆಳಗಿತ್ತು, ಸತ್ತ ತುಂಡಿಲ್ಲ, ಮುಚ್ಚಿದ ಧ್ರುವನಾಳವಿಲ್ಲ. ಅಭಿಧಮನಿ ತೆರೆದಿತ್ತು.

ವರದಿಗೆ ಕ್ಯಾಥ್‌ಲ್ಯಾಬ್‌ಗೆಂದೇ ಎರಡು ಸಾಲು ಸೇರಿಸಲಾಯಿತು: ನಾಳ ಇಲಿಯಾಕ್‌ನ ಮುಂದಿನ ಹೊರಮಗ್ಗುಲಿನಿಂದ ಹೊರಡುತ್ತದೆ, ಎಡಕ್ಕೆ 35 ಡಿಗ್ರಿ ಓರೆಯಲ್ಲಿ ಬಾಯಿ ಚೆನ್ನಾಗಿ ತೆರೆದು ಕಾಣುತ್ತದೆ. 3ಡಿ ಚಿತ್ರವನ್ನು ತಿರುಗಿಸಿ ನೋಡಿದರೆ ಸಿಗುವ ಮಾಹಿತಿ ಇದು. ಇದು ಮೊದಲೇ ಗೊತ್ತಿದ್ದರೆ ಕೋನ ಹುಡುಕಲು ಹೋಗುವ ನಾಲ್ಕಾರು ಅಯೋಡಿನ್ ಚುಚ್ಚುಮದ್ದು ಉಳಿಯುತ್ತದೆ.

ಮುಂದೆ

ಐದನೇ ದಿನ ಆಂಜಿಯೊಪ್ಲಾಸ್ಟಿ. ದಾರಿ ನೋಡಲು ಕಾರ್ಬನ್ ಡೈಆಕ್ಸೈಡ್ ಬಳಸಿದರು. ಅನಿಲ ತೇಲುತ್ತದೆ, ಮಲಗಿದ ರೋಗಿಯಲ್ಲಿ ಕಸಿ ಕಿಡ್ನಿ ಮೇಲ್ಭಾಗದಲ್ಲಿರುವುದರಿಂದ ಅನಿಲ ತಾನಾಗಿಯೇ ಅದರ ನಾಳಕ್ಕೆ ಏರುತ್ತದೆ. ಬೆನ್ನಿನ ಕಡೆಯಿರುವ ಸ್ವಂತ ಕಿಡ್ನಿಗಳಿಗೆ ಈ ಅನುಕೂಲವಿಲ್ಲ. ಎರಡು ಚುಚ್ಚುಮದ್ದಿನ ನಡುವೆ ಎರಡು ಮೂರು ನಿಮಿಷ ಬಿಡಬೇಕು, ಅನಿಲ ಒಟ್ಟುಗೂಡಿ ನಾಳದಲ್ಲಿ ತಡೆಯಾಗಬಾರದು. ಕೊನೆಯ ಖಚಿತತೆಗೆ ಅಯೋಡಿನ್ ಬರೀ 15 ಮಿ.ಲೀ.

ಇಲಿಯಾಕ್‌ನಲ್ಲಿ ಸಿಸ್ಟಾಲಿಕ್ (ಮೇಲಿನ) ಒತ್ತಡ 158, ಕಿರಿದಾದ ಜಾಗದಾಚೆ 112. ವ್ಯತ್ಯಾಸ 46. 20 ಮೀರಿದರೆ ಸಾಮಾನ್ಯವಾಗಿ ಮಹತ್ವದ್ದೆಂದು ಎಣಿಸುತ್ತಾರೆ. ಶೇಕಡಾವಾರಿನ ಬಗ್ಗೆ ನಾವು ಎಷ್ಟೇ ಚರ್ಚೆ ಮಾಡಿದರೂ ತೀರ್ಪು ಈ ಅಂಕಿಯದು. 6 ಮಿ.ಮೀ. ಬಲೂನಿನ ಮೇಲೆ ಸ್ಟೆಂಟ್ ಕೂರಿಸಿದ ಮೇಲೆ ವ್ಯತ್ಯಾಸ 4ಕ್ಕೆ ಇಳಿಯಿತು. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್. ಮೂರನೇ ವಾರಕ್ಕೆ ಕ್ರಿಯಾಟಿನಿನ್ 1.3, ರಕ್ತದೊತ್ತಡ ಎರಡು ಮಾತ್ರೆಯಲ್ಲಿ 134/82, ಕಾಲಿನ ಊತ ಇಳಿದಿತ್ತು. ರಕ್ತದೊತ್ತಡ ಪೂರ್ತಿ ಮಾತ್ರೆಯಿಲ್ಲದೆ ಸರಿಹೋಗುತ್ತದೆಂದು ಮೊದಲೇ ಭರವಸೆ ಕೊಡಬಾರದು. ಟ್ಯಾಕ್ರೊಲಿಮಸ್ ತಾನೇ ಒತ್ತಡ ಏರಿಸುತ್ತದೆ, ಒಳಗೇ ಉಳಿದಿರುವ ಹಳೆಯ ಕಿಡ್ನಿಗಳೂ ರೆನಿನ್ ಸುರಿಸುತ್ತಿರಬಹುದು.

ಆರು ತಿಂಗಳ ತಪಾಸಣೆಗೆ ಮತ್ತೆ ಎಂಆರ್ ಆಂಜಿಯೊಗ್ರಾಂ ಬರೆದುಕೊಟ್ಟ ಚೀಟಿ ಬರುವುದುಂಟು. ಅದರಿಂದ ಉಪಯೋಗವಿಲ್ಲ. ಲೋಹದ ಸ್ಟೆಂಟ್ ತನ್ನೊಳಗಿನ ಸಂಕೇತವನ್ನು ತಾನೇ ನುಂಗುತ್ತದೆ. ಚಿತ್ರದಲ್ಲಿ ಮತ್ತೆ ಅದೇ ಜಾಗದಲ್ಲಿ ಅದೇ ಕಪ್ಪು ಕಾಣುತ್ತದೆ, ಈ ಸಲ ಯಾವ ಟಿಇ ಇಟ್ಟರೂ ಪೂರ್ತಿ ಹೋಗುವುದಿಲ್ಲ. ಸ್ಟೆಂಟ್ ಹಾಕಿದ ವಾರದೊಳಗೇ ಡಾಪ್ಲರ್ ಮಾಡಿ ಆ ಅಂಕಿಗಳನ್ನು ಕಡತದ ಮೊದಲ ಪುಟಕ್ಕೆ ಅಂಟಿಸಬೇಕು: ಇವರಲ್ಲಿ ಸ್ಟೆಂಟ್‌ನೊಳಗೆ 165, ಇಲಿಯಾಕ್‌ನಲ್ಲಿ 125, ಕಿಡ್ನಿಯೊಳಗೆ ಏರಿಕೆ 0.05 ಸೆಕೆಂಡು. ಮುಂದಿನ ಪ್ರತಿ ಡಾಪ್ಲರನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಸ್ಟೆಂಟ್‌ನ ಕಾರ್ಡಿನ ನೆರಳುಪ್ರತಿ ಒಂದು ಕಡತದಲ್ಲಿ, ಮೂಲ ಕಾರ್ಡು ರೋಗಿಯ ಕೈಯಲ್ಲಿ. ಕ್ಲಿಪ್ ಎಲ್ಲಿದೆ ಎಂಬುದನ್ನೂ ಅದರ ಕೆಳಗೆ ಪೆನ್ನಿನಲ್ಲಿ ಬರೆದಿಡಲಾಯಿತು.